ಕೊನೆಯ ಆರು ನಿಮಿಷ

ಗುರುವಾರ ಸಂಜೆ ಐದು ಗಂಟೆಗೆ ಇತ್ತೊ ದರ್ಬ್ ಗಲ್ಲೆಫ್ ಸಂತೆಯ ತಗಡು ಚಾವಣಿಗಳ ಕೆಳಗೆ ಜನರನ್ನು ಸರಿಸಿಕೊಂಡು ಬಂದು ಬುಶ್ತಾನ ಅಂಗಡಿಯ ಮುಂದೆ ನಿಂತಳು. ಅವಳ ಕೈಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಸಿಡಿ ಇತ್ತು. ಶನಿವಾರ ನಾಲ್ಕು ಗಂಟೆಯೊಳಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬಲ್ಲ ಹಳೆಯ ಆಟದ ಯಂತ್ರವೊಂದು ಅವಳಿಗೆ ಬೇಕಾಗಿತ್ತು. ಉಳಿದಿದ್ದ ಕಾಲ ನಲವತ್ತೇಳು ಗಂಟೆ.

ಬುಶ್ತಾನಿಗೆ ಅರವತ್ತೆರಡು ವರ್ಷ. ಕಸುಬು ಕೈವಶವಾದವನೆಂದು ಸಂತೆಯವರು ಅವನನ್ನು ಮಾಲೆಮ್ ಎಂದು ಕರೆಯುತ್ತಿದ್ದರು. ಅವನು ಸಿಡಿಯನ್ನು ಅಂಚಿನಲ್ಲಿ ಹಿಡಿದು, ಬಲ್ಬಿನ ಕೆಳಗೆ ಓರೆಮಾಡಿ, ಕನ್ನಡಕವನ್ನು ಹಣೆಗೇರಿಸಿಕೊಂಡು ನೋಡಿದ.

"ಯಾವ ಬೆಕ್ಕು ಪರಚಿತಮ್ಮಾ ಇದನ್ನ?"

"ನಾನೇ ಮಾಲೆಮ್. ಓದ್ತಿರ್ಲಿಲ್ಲ, ಟೂತ್‌ಪೇಸ್ಟ್ ಹಾಕಿ ಉಜ್ಜಿದೆ."

"ಹೇಗೆ ಉಜ್ಜಿದೆ, ತೋರ್ಸು."

ಇತ್ತೊ ಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿದಳು.

"ಬಾಣಲೆ ತಿಕ್ಕಿದ ಹಾಗೆ. ಇಡೀ ಕಾಸಾಬ್ಲಾಂಕಾ ಹೀಗೇ ತಿಕ್ಕತ್ತೆ. ಅದಕ್ಕೇ ನನಗೆ ಇವತ್ತಿಗೂ ರೊಟ್ಟಿ ಹುಟ್ಟೋದು."

ಸಿಡಿಯ ಮೇಲಿನ ಬರಹ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಆ ಸುರುಳಿಗೆ ಅಡ್ಡಲಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರನ್ನು ಮರೆಮಾಡುತ್ತದೆ. ಅಷ್ಟನ್ನು ಯಂತ್ರ ಅಂದಾಜಿನಿಂದ ತುಂಬಿಕೊಳ್ಳುತ್ತದೆ. ಸುರುಳಿಯ ಜೊತೆಜೊತೆಗೇ ಸಾಗಿದ ಗೀರು ಮಾತ್ರ ಉದ್ದಕ್ಕೂ ನುಂಗುತ್ತದೆ. ಗುಂಡಗೆ ಉಜ್ಜಿದವರು ಆ ಎರಡನೆಯ ಬಗೆಯ ಗೀರನ್ನು ತಮ್ಮ ಕೈಯಾರೆ ಎಳೆಯುತ್ತಾರೆ. ಇತ್ತೊ ಎಳೆದಿದ್ದಳು.

ಬುಶ್ತಾ ಸಿಡಿಯನ್ನು ತಿರುಗಿಸಿ, ಹೆಸರು ಬರೆಯುವ ಮಗ್ಗುಲನ್ನು ಬೆಳಕಿಗೆ ಅಡ್ಡ ಹಿಡಿದ. ಬೆಳಕು ಎಲ್ಲಿಯೂ ತೂರಿ ಬರಲಿಲ್ಲ.

"ಬೆನ್ನು ಗಟ್ಟಿ ಇದೆ. ಬೆನ್ನು ಹರಿದಿದ್ರೆ ಒಂದು ಲೋಟ ಟೀ ಕುಡಿಸಿ ಮನೆಗೆ ಕಳಿಸ್ತಿದ್ದೆ. ಅಂಥಾದ್ದೇನಿದೆ ಇದರಲ್ಲಿ?"

"ನಾನಿದೀನಿ."

ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ, ಹದಿನೇಳರ ಹರೆಯದ ಇತ್ತೊ ತನ್ನ ಚಿಕ್ಕಪ್ಪನ ಇಂಟರ್ನೆಟ್ ಅಂಗಡಿಯಲ್ಲಿ ಒಂದು ಬೇಸಿಗೆ ಪೂರ್ತಿ ಕುಳಿತು, ಒಂದು ಫುಟ್‌ಬಾಲ್ ಆಟವನ್ನು ಬಿಚ್ಚಿ ಮತ್ತೆ ಕಟ್ಟಿದ್ದಳು. ದೇಶಗಳ ಹೆಸರು ತೆಗೆದು ತನ್ನ ಕೇರಿಯ ಗಲ್ಲಿಗಳ ಹೆಸರಿಟ್ಟಳು. ಯಾವುದೋ ದೂರದೇಶದ ವೀಕ್ಷಕ ವಿವರಣೆಯನ್ನು ಅಳಿಸಿ, ಮುನ್ನೂರ ಹನ್ನೆರಡು ವಾಕ್ಯಗಳನ್ನು ಕೇರಿಯ ಮಾತಿನಲ್ಲಿ ತಾನೇ ಹೇಳಿ ಸೇರಿಸಿದಳು. ಅವಳ ದನಿ ದಪ್ಪ, ಕೇಳಿದವರು ಹುಡುಗನದೆಂದುಕೊಂಡರು. ಒಂದು ಪ್ರತಿಯನ್ನು ಬೆನಾಶೂರನ ಸಿಡಿ ಅಂಗಡಿಗೆ ಕೊಟ್ಟಳು, ಒಂದನ್ನು ತಾನಿಟ್ಟುಕೊಂಡಳು. ಆ ಕಾಲದಲ್ಲಿ ನಕಲು ಮಾಡಿ ಮಾರುವ ಪ್ರತಿಯೊಂದು ಅಂಗಡಿಯೂ ಆಟದ ಮೊದಲ ಪರದೆಯ ಮೇಲೆ ತನ್ನ ಹೆಸರನ್ನು ಬರೆದುಕೊಳ್ಳುತ್ತಿತ್ತು. ಬೆನಾಶೂರ್ ಕೂಡ ಬರೆದುಕೊಂಡ. ಒಂದು ವರ್ಷದಲ್ಲಿ ಆ ಆಟ ಇಲ್ಲದ ಮನೆ ಕೇರಿಯಲ್ಲಿರಲಿಲ್ಲ. ಮಾಡಿದವನು ಬೆನಾಶೂರ್ ಎಂದು ತಿಳಿಯದ ಮನೆಯೂ ಇರಲಿಲ್ಲ.

ಈಗ ಯುವಕೇಂದ್ರದವರು ಶನಿವಾರ ಆ ಆಟಕ್ಕೊಂದು ಹಬ್ಬ ಮಾಡಿ, ಮಾಡಿದವನಿಗೆ ಸನ್ಮಾನಪತ್ರ ಕೊಡುವುದೆಂದು ನಿರ್ಧರಿಸಿದ್ದರು. ಇತ್ತೊ ಬುಧವಾರ ಹೋಗಿ ಕೇಳಿದ್ದಳು. ಕೇಂದ್ರದ ಮುಖ್ಯಸ್ಥೆ ಲಲ್ಲಾ ಬಹೀಜಾ ಕೆಟ್ಟವಳಲ್ಲ. "ಇತ್ತೊ, ನೀನು ಸುಳ್ಳು ಹೇಳ್ತಿದೀಯ ಅಂತ ನಾನಂತಿಲ್ಲ. ಆದ್ರೆ ಪರದೆ ಮೇಲೆ ಅವರ ಹೆಸರಿದೆ. ನಿನ್ನ ಹೆಸರು ಎಲ್ಲಿದೆ, ತೋರ್ಸು" ಎಂದಿದ್ದಳು. ಸಾಕ್ಷಿ ಹೇಳಬಹುದಾಗಿದ್ದ ಚಿಕ್ಕಪ್ಪ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

"ಹೆಸರು ಕಪ್ ಎತ್ತೋ ಜಾಗದಲ್ಲಿದೆ ಮಾಲೆಮ್" ಎಂದಳು ಇತ್ತೊ.

ಬುಶ್ತಾ ನಕ್ಕ. "ಆ ಆಟ ನನಗೂ ಗೊತ್ತು. ಕಪ್ ಎತ್ತೋ ಹೊತ್ತಿಗೆ ಹ್ಯಾಂಗ್ ಆಗತ್ತೆ. ಆ ಕೇರಿಯವರು ಯಾರೂ ಇವತ್ತಿನ ತನಕ ಕಪ್ ನೋಡಿಲ್ಲ. ಫೈನಲ್ ಗೆದ್ರೆ ಸ್ವಿಚ್ ಆರಿಸಿ ಬೀದಿಗೆ ಬಂದು ಕೂಗಾಡೋದೇ ಅವರಿಗೆ ಕಪ್."

"ಯಾಕೆ ಹ್ಯಾಂಗ್ ಆಗತ್ತೆ ಗೊತ್ತಾ? ನಾನು ಮಾಡಿದ್ದು ಎಂಬತ್ತು ನಿಮಿಷದ ಸಿಡಿಗೆ. ಬೆನಾಶೂರ್ ನಕಲು ಹೊಡೆದದ್ದು ಎಪ್ಪತ್ನಾಲ್ಕು ನಿಮಿಷದ ಸಿಡಿಗೆ. ಅದು ಅಗ್ಗ. ಹಿಡಿಸದೆ ಉಳಿದ ಆರು ನಿಮಿಷ ಕತ್ತರಿಸಿದ. ಆ ಆರು ನಿಮಿಷದಲ್ಲಿ ಕಪ್ಪೂ ಇದೆ, ನಾನೂ ಇದೀನಿ."

ಬುಶ್ತಾ ನಗು ನಿಲ್ಲಿಸಿದ. ಎಂಬತ್ತರಲ್ಲಿ ಎಪ್ಪತ್ನಾಲ್ಕು ಕಳೆದರೆ ಆರು. ಇಪ್ಪತ್ತೆರಡು ವರ್ಷಗಳಲ್ಲಿ ಈ ಕಳೆಯುವ ಲೆಕ್ಕವನ್ನು ಯಾರೂ ಮಾಡಿರಲಿಲ್ಲ.

"ಕಂಪ್ಯೂಟರಿಗೆ ಹಾಕಿ ನೋಡಿದ್ಯಾ?"

"ಮೂರು ಕಡೆ ಹಾಕಿದೆ. ಮೂರೂ ಉಗುಳಿದ್ವು."

"ಉಗುಳ್ತವೆ. ಕಂಪ್ಯೂಟರ್ ಸರ್ಕಾರಿ ಗುಮಾಸ್ತ ಇದ್ದ ಹಾಗೆ. ಒಂದಕ್ಷರ ತಪ್ಪಿದ್ರೂ ಅರ್ಜಿ ವಾಪಸ್. ಆಟದ ಯಂತ್ರ ಹಾಗಲ್ಲ. ದನಿ ಸ್ವಲ್ಪ ಕರಕರ ಅಂದ್ರೂ ಮುಂದಕ್ಕೆ ಹೋಗ್ತಾ ಇರತ್ತೆ. ಕೂತ್ಕೋ."

ಮೂರು ಗಂಟೆಯ ಕಾಲ ಅವನು ಹಿತ್ತಾಳೆ ಪಾಲಿಷಿನಿಂದ, ನಡುವಿನಿಂದ ಅಂಚಿಗೆ, ನೇರವಾಗಿ ಉಜ್ಜಿದ. ಒಮ್ಮೆಯೂ ಗುಂಡಗೆ ಹೋಗಲಿಲ್ಲ. ಶುಕ್ರವಾರ, ನಮಾಜು ಮತ್ತು ಕುಸ್ಕುಸ್ ಊಟ ಮುಗಿದ ಮೇಲೆ, ಅಂಗಡಿಯಲ್ಲಿದ್ದ ಐದು ಯಂತ್ರಗಳನ್ನು ಸಾಲಾಗಿಟ್ಟ. ಎಲ್ಲಕ್ಕಿಂತ ಹೊಸದು ಸಿಡಿಯನ್ನು ಗುರುತಿಸಲೇ ಇಲ್ಲ. ಎರಡನೆಯದು ಎರಡು ನಿಮಿಷ ಕೊಸರಾಡಿ ಸೋತಿತು. ಮೂರನೆಯದರ ಮತ್ತು ನಾಲ್ಕನೆಯದರ ಲೆನ್ಸಿಗೆ ಯಾರೋ ಸ್ಕ್ರೂ ತಿರುಗಿಸಿ ಬೆಳಕು ಹೆಚ್ಚಿಸಿದ್ದರು. ಹಾಗೆ ಹೆಚ್ಚಿಸಿದ ಲೆನ್ಸು ಒಂದೆರಡು ತಿಂಗಳು ಎಂಥ ನಕಲನ್ನೂ ಓದುತ್ತದೆ, ಆಮೇಲೆ ಕುರುಡಾಗುತ್ತದೆ, ಇವೆರಡೂ ಕುರುಡಾಗಿದ್ದವು. ಐದನೆಯದು ಎಲ್ಲಕ್ಕಿಂತ ಹಳೆಯ ಬೂದು ಯಂತ್ರ. ಅದು ಮೂವತ್ತೆಂಟು ಸೆಕೆಂಡಿನಲ್ಲಿ ಮೊದಲ ಪರದೆಯನ್ನು ತೋರಿಸಿತು. ಅಲ್ಲಿ ಯಾವ ಅಂಗಡಿಯ ಹೆಸರೂ ಇರಲಿಲ್ಲ.

"ಒಬ್ರು ಮೇಷ್ಟ್ರ ಮನೇದು" ಎಂದ ಬುಶ್ತಾ. "ಹನ್ನೊಂದು ವರ್ಷ ಇದರಲ್ಲಿ ಬರೀ ಚದುರಂಗ ಆಡಿದ್ರಂತೆ. ಲೆನ್ಸಿಗೆ ದುಡಿಮೆಯೇ ಇಲ್ಲ. ವಯಸ್ಸು ನೋಡಬಾರದು ಕಣಮ್ಮಾ, ಎಷ್ಟು ದುಡಿದಿದೆ ಅಂತ ನೋಡಬೇಕು."

ಸಂತೆಯವರೆಲ್ಲ ಮಾಡುವಂತೆ ಅವನು ಆ ಯಂತ್ರವನ್ನು ಕವುಚಿಟ್ಟ. ಹಳೆಯ ಯಂತ್ರಗಳಲ್ಲಿ ವಿದ್ಯುತ್ತಿನ ಹಲಗೆ ಲೆನ್ಸಿನ ಪಕ್ಕದಲ್ಲೇ ಇರುತ್ತದೆ; ಅದರ ಕಾವಿಗೆ ಲೆನ್ಸನ್ನು ಹೊತ್ತ ಪ್ಲಾಸ್ಟಿಕ್ ಮೆತ್ತಗಾಗಿ ಕುಸಿಯುತ್ತದೆ. ಕವುಚಿದರೆ ಕುಸಿತ ಸರಿಹೋಗುತ್ತದೆ. ಆದರೆ ಎಂಬತ್ತು ನಿಮಿಷದ ಒಂದು ಹಾಡಿನ ಸಿಡಿ ಹಾಕಿ ಪರೀಕ್ಷಿಸಿದಾಗ, ಕವುಚಿದ ಯಂತ್ರ ಎಪ್ಪತ್ಮೂರನೆಯ ನಿಮಿಷದಲ್ಲಿ ತೊದಲಿತು. ಮೂರು ಬಾರಿ ಪರೀಕ್ಷಿಸಿದರೂ ಅಲ್ಲೇ ತೊದಲಿತು. ತಲೆಕೆಳಗಾದ ಸಿಡಿ ತನ್ನನ್ನು ನಡುವಿನಲ್ಲಿ ಕಚ್ಚಿ ಹಿಡಿದ ಮೂರು ಪುಟ್ಟ ಗುಂಡುಗಳಿಂದ ಜೋತಾಡುತ್ತಿತ್ತು; ಅದರ ಅಂಚು ಲೆನ್ಸಿನಿಂದ ಕೂದಲೆಳೆಯಷ್ಟು ದೂರ ಸರಿಯುತ್ತಿತ್ತು. ಇತ್ತೊಗೆ ಬೇಕಾದ ಆರು ನಿಮಿಷ ಆ ಅಂಚಿನಲ್ಲೇ ಇದ್ದವು.

"ನೆಟ್ಟಗಿಡಿ ಹಾಗಾದ್ರೆ" ಎಂದಳು ಇತ್ತೊ.

ನೆಟ್ಟಗಿಟ್ಟು ನೇರವಾಗಿ ಕೊನೆಯ ಹಾಡಿಗೆ ಹಾರಿದಾಗ ಅದು ತಡೆಯಿಲ್ಲದೆ ಬಂತು. ಹದಿನಾಲ್ಕು ನಿಮಿಷವಾದ ಮೇಲೆ ಕಾವು ಹೆಚ್ಚಿ ಯಾವ ಹಾಡೂ ಬರಲಿಲ್ಲ. ಯಂತ್ರವನ್ನು ಆರಿಸಿ, ತಣಿಸಿ, ಮತ್ತೆ ಹಚ್ಚಿದರೆ ಮತ್ತೆ ಹದಿನಾಲ್ಕು ನಿಮಿಷ.

ಇತ್ತೊ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳುವವಳು. ಎಷ್ಟು ಗಜಕ್ಕೆ ಎಷ್ಟು ತುಂಡು ಎಂದು ಅಂದಾಜು ಮಾಡುವುದೇ ಅವಳ ಕೆಲಸ. ಒಂದು ರಟ್ಟಿನ ಚೂರಿನ ಮೇಲೆ ಅವಳು ಬರೆದಳು. ಆಟ ಹತ್ತಿಕೊಳ್ಳಲು ಎರಡೂವರೆ ನಿಮಿಷ. ಫೈನಲ್ ಪಂದ್ಯ ಐದೈದು ನಿಮಿಷದ ಎರಡು ಭಾಗ, ನಡುವೆ ಅರ್ಧ ನಿಮಿಷ. ಒಟ್ಟು ಹದಿಮೂರು. ಉಳಿಯುವುದು ಒಂದು ನಿಮಿಷ. ಕೇಂದ್ರದವರು ಶನಿವಾರ ಬೆಳಗಿನಿಂದ ಬೆನಾಶೂರನ ಪ್ರತಿಯಲ್ಲಿ ಆಡಿ, ಫೈನಲ್‌ವರೆಗಿನದನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸಿಟ್ಟಿರುತ್ತಾರೆ. ಅದೇ ಕಾರ್ಡು ಈ ಸಿಡಿಗೂ ಹೊಂದುತ್ತದೆ.

"ಒಂದು ನಿಮಿಷ ಸಾಕು" ಎಂದಳು.

"ಸಮ ಆದ್ರೆ? ಹೆಚ್ಚುವರಿ ಆಟ ಬಂದ್ರೆ?"

"ಮೂರು ನಿಮಿಷ ಹೆಚ್ಚು. ಆಗ ಸಾಲಲ್ಲ."

ಬುಶ್ತಾ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಟ್ಟಿದ.

ಶನಿವಾರ ನಾಲ್ಕಕ್ಕೆ ಯುವಕೇಂದ್ರದ ಸಭಾಂಗಣದಲ್ಲಿ ಇನ್ನೂರು ಜನರಿದ್ದರು. ಹೆಚ್ಚಿನವರು ನಲವತ್ತರ ಆಸುಪಾಸಿನವರು. ಆ ಆಟದೊಡನೆ ಬೆಳೆದವರು. ಮುಂದಿನ ಸಾಲಿನಲ್ಲಿ ಬೆನಾಶೂರ್ ಬಿಳಿ ಜಲ್ಲಾಬಾ ನಿಲುವಂಗಿ ತೊಟ್ಟು, ಸನ್ಮಾನಪತ್ರದ ಚೌಕಟ್ಟಿನ ಎದುರಿಗೇ ಕುಳಿತಿದ್ದ. ಇತ್ತೊ ಅವನೆದುರಿಗೆ ನಿಂತು, ಫೈನಲನ್ನು ತನ್ನ ಸಿಡಿಯಲ್ಲಿ ಆಡಿಸಬೇಕೆಂದು ಲಲ್ಲಾ ಬಹೀಜಾಳನ್ನು ಕೇಳಿದಳು.

"ಆಡಿಸ್ರಮ್ಮಾ, ನನ್ನದೇನಡ್ಡಿ?" ಎಂದ ಬೆನಾಶೂರ್, ಹಲ್ಲು ಕಾಣುವಂತೆ. "ಪಾಪ, ಕಂಡಕ್ಟರ್ ಹಮ್ಮೂನ ಮಗಳು. ಅವರಪ್ಪನೂ ಹೀಗೇ, ಹೊರಟು ಹೋದ ಬಸ್ಸಿಗೆ ಟಿಕೆಟ್ ಹರೀತಿದ್ದ."

ಜನ ನಕ್ಕರು. ಇತ್ತೊ ನಗಲಿಲ್ಲ.

"ಬೆನಾಶೂರ್ ಅವರೇ, ಕಪ್ ಎತ್ತುವಾಗ ಏನು ಹೇಳ್ತಾರೆ ಅಂತ ನಿಮಗೆ ಗೊತ್ತಿರಬೇಕಲ್ಲ. ಮಾಡಿದವರು ನೀವಲ್ವಾ?"

"ಅದು ಹ್ಯಾಂಗ್ ಆಗತ್ತಮ್ಮಾ. ಯಾವಾಗಲೂ ಆಗತ್ತೆ."

"ಇವತ್ತು ಆಗಲ್ಲ."

ಫೈನಲಿನಲ್ಲಿ ಮೀನು ಮಾರುವ ಕಬ್ಬೂರ್ ಹಮಾಮ್ ಗಲ್ಲಿಯ ಪರ, ಟ್ಯಾಕ್ಸಿ ಓಡಿಸುವ ಮಿಲೂದ್ ಬೇಕರಿ ಗಲ್ಲಿಯ ಪರ. ಶಾಲೆಯ ದಿನಗಳಿಂದ ಇಬ್ಬರೂ ಎದುರಾಳಿಗಳು. ಇತ್ತೊ ಇಬ್ಬರನ್ನೂ ಬದಿಗೆ ಕರೆದು, ಯಂತ್ರಕ್ಕೆ ಹದಿನಾಲ್ಕೇ ನಿಮಿಷ ಎಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದಳು.

"ಅಂದ್ರೆ ನಾನು ಸೋಲಬೇಕು ಅಂತೀಯಾ?" ಎಂದು ಕೇಳಿದ ಮಿಲೂದ್.

"ಇಲ್ಲ. ಫೈನಲ್ ಫೈನಲ್ಲೇ. ಯಾರೂ ಬೇಕಂತ ಸೋಲ್ಬೇಡಿ. ಸುಮ್ನೆ ಆಟ ನಿಲ್ಲಿಸಿ ಟೀ ಕುಡೀತಾ ಕೂರ್ಬೇಡಿ, ಅಷ್ಟೇ."

ಬುಶ್ತಾ ಯಂತ್ರವನ್ನು ನೆಟ್ಟಗಿಟ್ಟು ಗುಂಡಿ ಒತ್ತಿದ. ಇತ್ತೊ ಕೈಗಡಿಯಾರ ನೋಡಿಕೊಂಡಳು. ಮೂವತ್ತೆಂಟು ಸೆಕೆಂಡು, ಮೊದಲ ಪರದೆ. ಎರಡೂವರೆ ನಿಮಿಷಕ್ಕೆ ಸರಿಯಾಗಿ ಚೆಂಡು ಉರುಳಿತು, ದಪ್ಪನೆಯ ಆ ದನಿಯೂ ಹೊರಟಿತು: "ಬೇಕರಿ ಗಲ್ಲಿಯವರು ಬಂದ್ರು, ಹಿಟ್ಟಿನ ಕೈ ತೊಳ್ಕೊಂಡೇ ಇಲ್ಲ." ಇನ್ನೂರು ಜನ ದನಿಯ ಜೊತೆಗೇ ಹೇಳಿದರು. ಎಲ್ಲರಿಗೂ ಅದು ಬಾಯಿಪಾಠ.

ಮೊದಲ ಭಾಗದಲ್ಲಿ ಮಿಲೂದ್ ಒಂದು ಗೋಲು ಹೊಡೆದ. ದನಿ ಎರಡು ಕಡೆ ಕರಕರ ಎಂದಿತು, ನಿಲ್ಲಲಿಲ್ಲ. ಎರಡನೆಯ ಭಾಗದ ನಾಲ್ಕೂವರೆ ನಿಮಿಷ ಕಳೆದಾಗಲೂ ಬೇಕರಿ ಗಲ್ಲಿ ಒಂದು, ಹಮಾಮ್ ಗಲ್ಲಿ ಸೊನ್ನೆ. ಇತ್ತೊಳ ಕೈಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಲೆಕ್ಕ ಸರಿಹೋಗುವುದರಲ್ಲಿತ್ತು.

ಆಗ ಕಬ್ಬೂರ್ ಗೋಲು ಹೊಡೆದ.

ಸಭಾಂಗಣ ಎದ್ದು ನಿಂತಿತು. ಕಬ್ಬೂರ್ ಕುರ್ಚಿಯ ಮೇಲೆ ಹತ್ತಿ, ಕೂಡಲೇ ನೆನಪಾಗಿ ಇತ್ತೊಳತ್ತ ನೋಡಿದ. ಅವನ ಮುಖ ಬಾಡಿತು.

"ಏನ್ ಮಾಡ್ಲಿ ಇತ್ತೊ, ಕಾಲಿಗೇ ಬಂದ್ಬಿಡ್ತು."

"ಒಳ್ಳೇ ಗೋಲು. ಆಡು" ಎಂದಳು ಇತ್ತೊ.

ಸಮ. ಹೆಚ್ಚುವರಿ ಆಟ ಆರಂಭವಾದಾಗ ಹದಿಮೂರು ನಿಮಿಷ ಹತ್ತು ಸೆಕೆಂಡು ಕಳೆದಿತ್ತು. ಬುಶ್ತಾ ಯಂತ್ರದ ಹಿಂಬದಿಯ ಎಡಮೂಲೆಯ ಮೇಲೆ ಅಂಗೈ ಇಟ್ಟ. ಅಲ್ಲಿ ಕಾವು ರೊಟ್ಟಿಯ ಹೆಂಚಿನಷ್ಟಿತ್ತು. ದನಿ "ಹಮಾಮ್ ಗಲ್ಲಿಯ ಗೋಲ್‌ಕೀಪರ್" ಎಂದು ಆರಂಭಿಸಿ ಅಲ್ಲೇ ಸಿಕ್ಕಿಕೊಂಡು, ತುಸು ಹೊತ್ತಿನ ಮೇಲೆ "ನಿದ್ದೆ ಮಾಡ್ತಿದಾನೆ" ಎಂದು ಮುಗಿಸಿತು.

ಬೆನಾಶೂರ್ ಕಾಲ ಮೇಲೆ ಕಾಲು ಹಾಕಿಕೊಂಡ. "ನಾನು ಹೇಳ್ಲಿಲ್ವಾ."

"ಬೀಸಣಿಗೆ ಹಾಕಿದ್ರೆ ಸಾಲಲ್ಲ" ಎಂದ ಬುಶ್ತಾ, ತನ್ನಷ್ಟಕ್ಕೆ. "ಇದಕ್ಕೆ ಚಳಿಗಾಲವೇ ಬೇಕು."

ಕಬ್ಬೂರ್ ಪರದೆಯಿಂದ ಕಣ್ಣು ತೆಗೆಯದೆ, ಬೆರಳುಗಳನ್ನು ನಿಲ್ಲಿಸದೆ ಹೇಳಿದ: "ಮಾಲೆಮ್, ಹೊರಗೆ ನನ್ನ ಮೂರು ಚಕ್ರದ ಗಾಡಿ ಇದೆ. ಬೆಳಿಗ್ಗೆಯ ಸಾರ್ಡೀನ್ ಮಾರಿ ಹೋಯ್ತು, ಐಸ್ ಹಾಗೇ ಇದೆ."

ಇತ್ತೊ ಓಡಿದಳು. ಗಾಡಿಯ ಮೀನಿನ ಪೆಟ್ಟಿಗೆಯ ತಳದಲ್ಲಿ ಎರಡು ಬೊಗಸೆ ಐಸ್ ಉಳಿದಿತ್ತು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಚ್ಚಿ ಅದರಲ್ಲಿ ಎರಡು ಸುತ್ತು ಸುತ್ತಿ ತಂದಳು. ಒಂದು ಹನಿ ಒಳಗೆ ಇಳಿದರೂ ಎಲ್ಲ ಮುಗಿಯುತ್ತಿತ್ತು. ಬುಶ್ತಾ ಆ ಗಂಟನ್ನು ವಿದ್ಯುತ್ತಿನ ಹಲಗೆಯ ನೇರಕ್ಕೆ, ಗಾಳಿ ಆಡುವ ಸೀಳುಗಳಿಗೆ ತಾಗದಂತೆ, ಎರಡೂ ಕೈಗಳಿಂದ ಒತ್ತಿ ಹಿಡಿದ. ಮೀನಿನ ವಾಸನೆ ಮುಂದಿನ ಸಾಲಿನವರೆಗೆ ಹೋಯಿತು.

"ಯಂತ್ರಕ್ಕೆ ಜ್ವರ ಬಂದಿದೆ, ಹಣೆಗೆ ಪಟ್ಟಿ ಹಾಕ್ತಿದಾರೆ" ಎಂದರು ಯಾರೋ ಹಿಂದಿನಿಂದ. ನಗು ಅಲೆಯಾಗಿ ಬಂದು ಹೋಯಿತು.

ಹದಿನಾಲ್ಕು ನಿಮಿಷ ಕಳೆಯಿತು. ಹದಿನಾಲ್ಕೂವರೆ. ದನಿ ತೊದಲುತ್ತಿತ್ತು. ಹದಿನೈದಕ್ಕೆ ಒಂದು ವಾಕ್ಯ ಪೂರ್ತಿಯಾಗಿ ಬಂತು. ಅದರ ಬೆನ್ನಿಗೇ ಇನ್ನೊಂದು. ಹದಿನೈದೂ ಮುಕ್ಕಾಲಿಗೆ ಮಿಲೂದ್ ದೂರದಿಂದ ಒದ್ದ ಚೆಂಡು ಕಂಬಕ್ಕೆ ತಾಗಿ ಒಳಗೆ ಬಿತ್ತು. ಹದಿನಾರೂ ಕಾಲಿಗೆ ಸೀಟಿ. ಬೇಕರಿ ಗಲ್ಲಿ ಎರಡು, ಹಮಾಮ್ ಗಲ್ಲಿ ಒಂದು.

ಯಾರೂ ಕೂಗಲಿಲ್ಲ. ಹಳೆಯ ರೂಢಿಯಂತೆ ಮಿಲೂದನ ಕೈ ತಾನಾಗಿಯೇ ಸ್ವಿಚ್ಚಿನ ಕಡೆಗೆ ಚಾಚಿತ್ತು. ಅವನೇ ಅದನ್ನು ಹಿಂದಕ್ಕೆ ಎಳೆದುಕೊಂಡ. ಪರದೆ ಕಪ್ಪಾಯಿತು. ಯಂತ್ರದೊಳಗೆ ಲೆನ್ಸು ಅಂಚಿನತ್ತ ಸರಿಯುವ ಸಣ್ಣ ಸದ್ದು ಕೇಳಿಸಿತು, ಟಕ್ ಟಕ್ ಎಂದು, ನಿಂತು, ಮತ್ತೆ ಟಕ್ ಎಂದು. ಇತ್ತೊ ಮನಸ್ಸಿನಲ್ಲೇ ಎಣಿಸಿದಳು. ಒಂಬತ್ತು. ಹತ್ತು. ಹನ್ನೊಂದು. ಬುಶ್ತಾನ ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹದಿನೇಳಕ್ಕೆ ಪರದೆ ಬೆಳಗಿತು. ಹನ್ನೊಂದು ಆಟಗಾರರು, ನಡುವೆ ಹಳದಿ ಕಪ್. ನಾಯಕ ಅದನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆ ಎತ್ತಿದ. ಇಪ್ಪತ್ತೆರಡು ವರ್ಷಗಳ ಬಳಿಕ ಆ ಕೇರಿಯಲ್ಲಿ ಕಪ್ ಎದ್ದಿತು, ಅದರೊಡನೆ ದನಿಯೂ ಎದ್ದಿತು:

"ಎತ್ತಿದ್ರು ನೋಡಿ. ಇಷ್ಟು ಹೊತ್ತು ನಿಮ್ಮ ಕಿವಿ ತಿಂದವಳು ನಾನು, ಇತ್ತೊ, ಬಸ್ ಕಂಡಕ್ಟರ್ ಹಮ್ಮೂನ ಮಗಳು. ಗಲ್ಲಿ ನಿಮ್ಮದು, ಕಪ್ ನಿಮ್ಮದು, ಆಟ ನಾನು ಮಾಡಿದ್ದು. ಯಾರಿಗಾದ್ರೂ ಅನುಮಾನ ಇದ್ರೆ ಮನೆಗೆ ಬನ್ನಿ, ನಮ್ಮಮ್ಮ ಟೀ ಕೊಡ್ತಾಳೆ."

ಮೊದಲು ಕೂಗಿದವನು ಸೋತ ಕಬ್ಬೂರ್. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಹೆಂಗಸರು ಖುಷಿಗೆ ಹಾಕಿದ ಉಲುಲು ದನಿ ಚಾವಣಿಗೆ ತಾಗಿತು. ಮಿಲೂದ್ ಇತ್ತೊಳ ಎದುರು ಬಂದು ನಿಂತು, ಏನು ಹೇಳಬೇಕೆಂದು ತೋಚದೆ, ತನ್ನ ಕೈಯಲ್ಲಿದ್ದ ಕಂಟ್ರೋಲರನ್ನೇ ಅವಳ ಕೈಗೆ ಕೊಟ್ಟ.

ಬೆನಾಶೂರ್ ಎದ್ದು ನಿಂತ. ಸದ್ದಡಗಿತು. ಅವನು ಪರದೆಯನ್ನೂ ಇತ್ತೊಳನ್ನೂ ನೋಡಿದ.

"ಅಗ್ಗದ ಸಿಡಿ ಮಗಳೇ" ಎಂದ. "ಆರು ನಿಮಿಷ ಹಿಡಿಸ್ಲಿಲ್ಲ, ಕತ್ತರಿಸ್ದೆ. ಅದರಲ್ಲಿ ಏನಿದೆ ಅಂತ ಕೇಳಿಯೂ ನೋಡ್ಲಿಲ್ಲ. ಆಮೇಲೆ ಜನ ದಿನಾ ಬಂದು ನೀನೇ ಮಾಡಿದ್ದು, ನೀನೇ ಮಾಡಿದ್ದು ಅಂದ್ರು. ಹತ್ತು ವರ್ಷ ಕೇಳಿದ್ಮೇಲೆ ನಾನೂ ಹೌದೇನೋ ಅಂದ್ಕೊಂಡೆ."

"ಈಗ?"

"ಈಗ ಕಿವಿಯಾರೆ ಕೇಳಿದ್ನಲ್ಲ."

ಅವನೇ ಚೌಕಟ್ಟನ್ನು ತೆಗೆದು ಲಲ್ಲಾ ಬಹೀಜಾಳ ಕೈಗಿತ್ತ. ಅವಳು ಗಾಜು ಬಿಚ್ಚಿ, ಹಾಳೆಯನ್ನು ಮಗುಚಿ, ಪೆನ್ನಿನ ಮುಚ್ಚಳ ತೆಗೆದು ಇತ್ತೊಳನ್ನು ಕೇಳಿದಳು: "ಏನಂತ ಬರೀಲಿ? ದನಿ ಕೊಟ್ಟವಳು ಅಂತಲೋ, ಆಟ ಮಾಡಿದವಳು ಅಂತಲೋ?"

"ಎರಡೂ ಬರೀರಿ. ಮೊದಲು ಹೆಸರು ಬರೀರಿ."

ಅಷ್ಟರಲ್ಲಿ ದನಿ ಮತ್ತೆ ಮೊದಲಿನಿಂದ ಶುರುವಾಯಿತು. ಯಾರಾದರೂ ಗುಂಡಿ ಒತ್ತುವ ತನಕ ಆ ದೃಶ್ಯ ಮರಳಿ ಮರಳಿ ಬರುವಂತೆ ಇತ್ತೊಳೇ ಅಂದು ಮಾಡಿಟ್ಟಿದ್ದಳು. ಯಾರೂ ಒತ್ತಲಿಲ್ಲ. ಬುಶ್ತಾ ಐಸಿನ ಗಂಟನ್ನು ಮಗ್ಗುಲು ಬದಲಿಸಿ, ಕಾಲು ಅಗಲಿಸಿ, ಇನ್ನೂ ಗಟ್ಟಿಯಾಗಿ ನಿಂತ. ಎರಡನೆಯ ಬಾರಿ ಜನ ಸುಮ್ಮನೆ ಕೇಳಿದರು. ಮೂರನೆಯ ಬಾರಿ ಹಿಂದಿನ ಸಾಲಿನಲ್ಲಿ ನಾಲ್ಕಾರು ತುಟಿಗಳು ಅಲುಗಿದವು. ಐದನೆಯ ಬಾರಿ ಕಪ್ ಎದ್ದಾಗ ಇನ್ನೂರು ಜನ ಒಟ್ಟಿಗೆ, ಒಂದಕ್ಷರ ಬಿಡದೆ, ಅವಳ ಹೆಸರನ್ನೂ ಅವಳ ತಂದೆಯ ಹೆಸರನ್ನೂ ಹೇಳಿದರು.